ಪದ ಪರಿಚಯ: ವಿಕಿರಣಶೀಲ ಅವಪಾತ

ಪರಮಾಣು ಸ್ಫೋಟದಿಂದಲೋ ರಿಯಾಕ್ಟರಿನ ಅಪಘಾತದಿಂದಲೋ ವಾಯುಮಂಡಲವನ್ನು ಸೇರಿದ ವಿಕಿರಣಶೀಲ ಕಣಗಳು ಮರಳಿ ಭೂಮಿಗೆ ಇಳಿಯುವುದನ್ನೂ, ಹಾಗೆ ಇಳಿದ ವಸ್ತುವನ್ನೂ ವಿಕಿರಣಶೀಲ ಅವಪಾತ ಎನ್ನುತ್ತಾರೆ. ಸ್ಫೋಟದ ಜಾಗದಿಂದ ದೂರವಿದ್ದಷ್ಟೂ ಅವಪಾತ ಕಡಿಮೆ ಎಂಬ ಊಹೆ ಸಹಜವಾದರೂ ಅರ್ಧ ಮಾತ್ರ ಸರಿ. ಕಣಗಳು ಎಷ್ಟು ಎತ್ತರಕ್ಕೇರಿದವು ಮತ್ತು ಅವು ಸಾಗುವ ದಾರಿಯಲ್ಲಿ ಎಲ್ಲಿ ಮಳೆಯಾಯಿತು ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ದಪ್ಪ ಕಣಗಳು ಕೆಲವು ಗಂಟೆಗಳಲ್ಲಿ ಸ್ಫೋಟದ ಆಸುಪಾಸಿನಲ್ಲೇ ಉದುರುತ್ತವೆ. ಮೋಡ ಮಳೆಗಳು ನಡೆಯುವ ಪರಿವರ್ತನಾ ಮಂಡಲದಲ್ಲಿ ಉಳಿದ ಸೂಕ್ಷ್ಮ ಕಣಗಳು ಗಾಳಿಯೊಡನೆ ಸಾಗಿ ಕೆಲವು ವಾರಗಳೊಳಗೆ ಇಳಿಯುತ್ತವೆ. ದೊಡ್ಡ ಹೈಡ್ರೋಜನ್ ಬಾಂಬುಗಳ ಕಣಗಳಾದರೋ ಅದಕ್ಕೂ ಮೇಲಿನ ಸಮೋಷ್ಣ ಮಂಡಲವನ್ನು ಹೊಕ್ಕವು. ಅಲ್ಲಿ ತೊಳೆದು ತರಲು ಮಳೆಯಿಲ್ಲವಾದ್ದರಿಂದ ಅವು ಒಂದೆರಡು ವರ್ಷ ತೇಲುತ್ತ ಭೂಮಿಯನ್ನೆಲ್ಲ ಸುತ್ತಿ, ನಿಧಾನವಾಗಿ ಕೆಳಗಿನ ಗಾಳಿಗೆ ಬೆರೆತವು. ಎಂಟು ದಿನದ ಅರ್ಧಾಯುವಿನ (ಅಂದರೆ ಇದ್ದ ಪ್ರಮಾಣ ಅರ್ಧಕ್ಕಿಳಿಯಲು ಹಿಡಿಯುವ ಕಾಲದ) ಅಯೋಡಿನ್-131 ಅಷ್ಟರಲ್ಲಿ ಅಳಿದುಹೋಗಿರುತ್ತದೆ. ಸುಮಾರು ಮೂವತ್ತು ವರ್ಷ ಅರ್ಧಾಯುವಿನ ಸೀಸಿಯಂ-137 ಹೆಚ್ಚುಕಡಿಮೆ ಹಾಗೆಯೇ ಉಳಿದಿರುತ್ತದೆ.

ಮಳೆ ಈ ಕಣಗಳನ್ನು ಎರಡು ಬಗೆಯಲ್ಲಿ ಇಳಿಸುತ್ತದೆ: ಮೋಡದೊಳಗೆ ಕಣದ ಸುತ್ತಲೇ ಹನಿ ಕಟ್ಟುವುದು ಅಥವಾ ಕಟ್ಟಿದ ಹನಿಗೆ ಕಣ ಸೇರುವುದು ಒಂದು, ಬೀಳುವ ಹನಿಯು ಮೋಡದ ಕೆಳಗಿನ ಗಾಳಿಯನ್ನು ಗುಡಿಸುತ್ತ ಬರುವುದು ಇನ್ನೊಂದು. 1953ರ ಏಪ್ರಿಲ್‌ನಲ್ಲಿ ಅಮೆರಿಕದ ನೆವಾಡದಲ್ಲಿ ನಡೆದ ಪರೀಕ್ಷೆಯ ಕಣಗಳು ಮರುದಿನವೇ ಸುಮಾರು 3,500 ಕಿ.ಮೀ. ದೂರದ, ನ್ಯೂಯಾರ್ಕ್ ರಾಜ್ಯದ ಟ್ರಾಯ್ ನಗರದ ಮೇಲೆ ಗುಡುಗಿನ ಮಳೆಯೊಡನೆ ಸುರಿದು, ಅಲ್ಲಿನ ಪ್ರಯೋಗಾಲಯದ, ವಿಕಿರಣ ಅಳೆಯುವ ಗೈಗರ್ ಕೌಂಟರುಗಳನ್ನು ಕೆರಳಿಸಿದ್ದವು. ನಡುವಿನ ಎಷ್ಟೋ ಊರುಗಳಿಗೆ ಅಷ್ಟು ಬೀಳಲಿಲ್ಲ, ಏಕೆಂದರೆ ಅಲ್ಲಿ ಆ ಹೊತ್ತಿಗೆ ಅಂಥ ಮಳೆಯಿರಲಿಲ್ಲ. 1986ರಲ್ಲಿ ಚೆರ್ನೋಬಿಲ್ ರಿಯಾಕ್ಟರಿನ ಅಪಘಾತದಿಂದೆದ್ದ ಮೋಡ ಹಾದುಹೋಗುವಾಗ ಮಳೆ ಸುರಿದ, ಬ್ರಿಟನ್ನಿನ ವೇಲ್ಸಿನ ಗುಡ್ಡಗಳಲ್ಲಿ ಕುರಿ ಮಾರಾಟದ ಮೇಲಿನ ನಿರ್ಬಂಧ 2012ರವರೆಗೂ ಮುಂದುವರಿಯಿತು.

ಒಂದೇ ಅಕ್ಷಾಂಶದ ಪಟ್ಟಿಯಲ್ಲಿ ಜಾಗತಿಕ ಅವಪಾತವು ಸ್ಥೂಲವಾಗಿ ವಾರ್ಷಿಕ ಮಳೆಯ ಪ್ರಮಾಣವನ್ನು ಅನುಸರಿಸುತ್ತದೆ. ಹಾಗೆಂದು, ವರ್ಷಕ್ಕೆ 7,000 ಮಿ.ಮೀ. ಮೀರುವ ಆಗುಂಬೆಗೂ ಅದರ ಕಾಲುಭಾಗವೂ ಮಳೆ ಕಾಣದ ಶಿವಮೊಗ್ಗ ನಗರಕ್ಕೂ ಅದೇ ಲೆಕ್ಕ ಹಾಕಿದರೆ ತಪ್ಪಾದೀತು. ಅಶ್ವಿನಿ, ಭರಣಿಯ ಗುಡುಗು ಮಳೆಯ ಮೋಡಗಳು ಬಹಳ ಎತ್ತರಕ್ಕೆ ಬೆಳೆದು ಮೇಲಿನ ಪದರಗಳ ಕಣಗಳನ್ನೂ ಎಳೆದುಕೊಳ್ಳಬಲ್ಲವು. ಪುನರ್ವಸು, ಪುಷ್ಯದ ಹೊತ್ತಿಗೆ ಘಟ್ಟಕ್ಕೆ ಬಡಿಯುವ ಗಾಳಿ ಸಮುದ್ರದ ಮೇಲೆಯೇ ಮಳೆ ಸುರಿಸುತ್ತ ಬಂದದ್ದಾಗಿರುವುದರಿಂದ ಅದರಲ್ಲಿ ತೊಳೆಯಲು ಉಳಿದಿರುವುದೇ ಕಡಿಮೆ. ಮಳೆಯಿಲ್ಲದೆಯೂ ಕಾಡಿನ ಎಲೆಗಳು ಮಂಜಿನ ಹನಿಗಳನ್ನು ಹಿಡಿಯುವ ಮೂಲಕ ಒಂದಿಷ್ಟನ್ನು ಇಳಿಸಿಕೊಳ್ಳುತ್ತವೆ, ಬಯಲಿನ ಗದ್ದೆಗೆ ಆ ಬಾಬತ್ತು ಅಷ್ಟಾಗಿ ಸೇರುವುದಿಲ್ಲ.

ಇಂದಿನ ಮಳೆಯಲ್ಲಿ ಗೈಗರ್ ಕೌಂಟರ್ ತುಸು ಹೆಚ್ಚು ಟಿಕ್ ಎಂದ ಮಾತ್ರಕ್ಕೆ ಬಾಂಬನ್ನು ನೆನೆಯಬೇಕಾಗಿಲ್ಲ. ಮಣ್ಣಿನಿಂದ ಹೊಮ್ಮುವ ರೇಡಾನ್ ಎಂಬ ಸಹಜ ವಿಕಿರಣಶೀಲ ಅನಿಲದ ಸಂತತಿಯನ್ನು, ಅಂದರೆ ಅದು ಕ್ಷಯಿಸಿ ಹುಟ್ಟುವ ವಸ್ತುಗಳನ್ನು, ಮಳೆ ತೊಳೆದು ತರುವುದು ಎಲ್ಲೆಡೆಯೂ ನಡೆಯುವಂಥದ್ದು. ಅದು ಮಳೆ ನಿಂತ ಕೆಲವು ಗಂಟೆಗಳಲ್ಲಿ ತಗ್ಗುತ್ತದೆ.

ವಾಯುಮಂಡಲದಲ್ಲಿ ಬಾಂಬು ಪರೀಕ್ಷೆಗಳು 1980ಕ್ಕೆ ನಿಂತವು. ಅವಪಾತ ತುತ್ತತುದಿ ಮುಟ್ಟಿದ್ದು 1963ರ ಸುಮಾರಿಗೆ. ನೆಲಕ್ಕೆ ಬಿದ್ದ ಸೀಸಿಯಂ ಜೇಡಿಕಣಗಳಿಗೆ ಬಲವಾಗಿ ಅಂಟಿ ಮಣ್ಣು ಹೋದಲ್ಲಿಗೆ ಹೋಗುತ್ತದೆ. ಆದ್ದರಿಂದ ಹೂಳೆತ್ತದ, ಕಲಕದ ಹಳೆಯ ಕೆರೆಯ ಹೂಳಿನಲ್ಲಿ ಸೀಸಿಯಂ ಅತಿ ಹೆಚ್ಚಿರುವ ಪದರವನ್ನು 1963ರದೆಂದು ಗುರುತಿಸಿ, ಅದರ ಮೇಲೆ ಎಷ್ಟು ಹೂಳು ತುಂಬಿದೆ ಎಂದು ಅಳೆಯುತ್ತಾರೆ. ಈ ಗುರುತು ಕೆಳದಿ ಅರಸರ ಕಾಲದ ಕೆರೆಗಳಿಗೆ ಒದಗೀತೇ ಹೊರತು, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದ ತಳಕ್ಕೆ ಅಷ್ಟು ಸ್ಪಷ್ಟವಾಗಿ ಒದಗದು.