ಮದ್ದುಸೊಪ್ಪು ತಿಂದ ಮರುದಿನ

ಆಗಸ್ಟ್ 4ರ ಬೆಳಿಗ್ಗೆ ನನಗೆ ಬರುವ ಫೋನ್‌ಗಳಲ್ಲಿ ಪ್ರಶ್ನೆ ಒಂದೇ. 'ಡಾಕ್ಟ್ರೇ, ಮೂತ್ರ ಕೆಂಪಗೆ ಹೋಗ್ತಿದೆ, ಏನಾಗಿದೆ?' ನಾನು ಕೇಳುವುದೂ ಒಂದೇ. 'ನಿನ್ನೆ ಮದ್ದುಪಾಯಸ ತಿಂದ್ರಾ?' ಇಲ್ಲೇ ಕೊಡಗಿನಲ್ಲಿ ಹುಟ್ಟಿ ಬೆಳೆದವರು ಇದಕ್ಕೆ ಫೋನ್ ಮಾಡುವುದಿಲ್ಲ. ಬಣ್ಣ ಬಂತು, ಮದ್ದು ಮೈಗೆ ಹಿಡಿಯಿತು ಅಂತ ಖುಷಿಪಡುತ್ತಾರೆ. ಗಾಬರಿಯಾಗುವವರು ಹೊರಗಿನಿಂದ ಮದುವೆಯಾಗಿ ಬಂದವರು, ಹೋಮ್‌ಸ್ಟೇಯಲ್ಲಿ ಉಳಿದ ಪ್ರವಾಸಿಗಳು.

ಮದ್ದುಸೊಪ್ಪು ತಿನ್ನುವುದು ಮಳೆಗಾಲದ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3. ಕೊಡವರಿಗೆ ಕಕ್ಕಡ ಪದ್‌ನೆಟ್ಟ್, ಅರೆಭಾಷೆ ಮಾತಾಡುವ ಇಲ್ಲಿನ ಗೌಡರಿಗೆ ಆಟಿ ಹದಿನೆಂಟು. ಕಕ್ಕಡ ಶುರುವಾದ ಮೇಲೆ ದಿನಕ್ಕೊಂದರಂತೆ ಔಷಧಿ ಈ ಸೊಪ್ಪಿಗೆ ಬಂದು ಸೇರುತ್ತದೆ, 18ನೇ ದಿನಕ್ಕೆ 18 ಔಷಧಿ ತುಂಬುತ್ತದೆ ಅನ್ನುವುದು ನಂಬಿಕೆ. ಕಾಫಿ ತೋಟದ ಅಂಚು, ಬೇಲಿ ಸಾಲು, ನೆರಳಿರುವ ತಂಪು ಜಾಗದಲ್ಲಿ ಬೆಳೆಯುವ ಗಿಡ. ಸಸ್ಯಶಾಸ್ತ್ರದಲ್ಲಿ ಹೆಸರು ಜಸ್ಟೀಸಿಯಾ ವೈನಾಡೆನ್ಸಿಸ್. ನಮ್ಮ ಆಡುಸೋಗೆಯ ಹತ್ತಿರದ ನೆಂಟ.

ಮಾಡುವ ರೀತಿ ಸುಲಭ. ಸೊಪ್ಪನ್ನು ಎಳೆ ಕಾಂಡದ ಸಮೇತ ತೊಳೆದು, ಮುರಿದು, ನೀರಿಗೆ ಹಾಕಿ ಚೆನ್ನಾಗಿ ಕುದಿಸಬೇಕು. ಕುದಿಯುತ್ತಾ ಕುದಿಯುತ್ತಾ ನೀರು ಗಾಢ ನೇರಳೆಗೆ ತಿರುಗುತ್ತದೆ. ಮನೆ ತುಂಬ ಅದರ ಪರಿಮಳ. ಸೋಸಿದ ಆ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಹಾಲು, ಏಲಕ್ಕಿ ಹಾಕಿದರೆ ಪಾಯಸ. ಅದೇ ರಸದಲ್ಲಿ ಅಕ್ಕಿಯ ತಿಂಡಿ ಪುಟ್ಟೂ ಮಾಡುತ್ತಾರೆ, ಜೇನು, ತುಪ್ಪ ಹಾಕಿಕೊಂಡು ತಿನ್ನುತ್ತಾರೆ. ನನ್ನ ಓಟು ಪುಟ್ಟಿಗೆ.

ಬಣ್ಣದ ವಿಷಯಕ್ಕೆ ಬರೋಣ. ಸೊಪ್ಪಿನ ಬಣ್ಣ ನೀರಿನಲ್ಲಿ ಕರಗುವಂಥದ್ದು, ದೇಹ ಅದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಬೀಟ್‌ರೂಟ್ ತಿಂದಾಗಲೂ ಕೆಲವರಿಗೆ ಹೀಗಾಗುತ್ತೆ ಅಲ್ವಾ? ಮದ್ದು ಕೆಲಸ ಮಾಡಿತು ಅನ್ನುವುದಕ್ಕೆ ಇದು ಗುರುತಲ್ಲ, ಕೆಡುಕಿನ ಗುರುತೂ ಅಲ್ಲ. ಆದರೆ ಎರಡನೇ ದಿನ ದಾಟಿದರೂ ಕೆಂಪು ಹೋಗದಿದ್ದರೆ, ಉರಿ, ಪಕ್ಕೆ ನೋವು, ಜ್ವರ ಇದ್ದರೆ, ರಕ್ತದ ಹೆಪ್ಪು ಕಂಡರೆ ಸುಮ್ನೆ ಸೊಪ್ಪಿನ ಮೇಲೆ ಹಾಕಿ ಕೂರಬೇಡಿ. ಮೂತ್ರ ಪರೀಕ್ಷೆ ಮಾಡಿಸಿ. ಅದು ಬಣ್ಣವೋ ರಕ್ತವೋ ಅಂತ ಮೈಕ್ರೋಸ್ಕೋಪ್ ಕೆಳಗೆ ಗೊತ್ತಾಗುತ್ತದೆ.

ನನಗೆ ಜಾಸ್ತಿ ತಲೆನೋವು ತರುವವರು ಸಕ್ಕರೆ ಕಾಯಿಲೆಯವರು. 'ಮದ್ದಲ್ವಾ ಡಾಕ್ಟ್ರೇ, ಅದ್ರಿಂದ ಹೇಗೆ ಶುಗರ್ ಏರುತ್ತೆ?' ಅನ್ನುತ್ತಾರೆ. ಮದ್ದಿರುವುದು ಸೊಪ್ಪಿನಲ್ಲಿ ಸ್ವಾಮಿ, ಬೆಲ್ಲ ಬೆಲ್ಲವೇ! ಪಾಯಸ ಮೂರು ಬಟ್ಟಲು ಇಳಿಸಿದ ಮೇಲೆ ಗ್ಲುಕೋಮೀಟರ್ ಹಬ್ಬ ನೋಡುವುದಿಲ್ಲ. ಬೆಲ್ಲ ಹಾಕದ ಪುಟ್ಟು ಸ್ವಲ್ಪ, ಜೊತೆಗೆ ನಾಟಿಕೋಳಿ ಸಾರು. ಅವರಿಗೆ ನಾನು ಹೇಳುವ ಹಬ್ಬದೂಟ ಇಷ್ಟೇ.

ಲ್ಯಾಬ್‌ಗಳಲ್ಲಿ ಈ ಸೊಪ್ಪಿನ ಸಾರ ತೆಗೆದು ನೋಡಿದ್ದಾರೆ. ಫೀನಾಲ್, ಫ್ಲೇವನಾಯ್ಡ್‌ಗಳು ಸಿಕ್ಕಿವೆ, ಆಂಟಿಆಕ್ಸಿಡೆಂಟ್ ಗುಣವೂ ಕಂಡಿದೆ. ಅಷ್ಟನ್ನೇ ಹಿಡಿದುಕೊಂಡು ಒಣಗಿಸಿದ ಪುಡಿಯನ್ನು ವರ್ಷವಿಡೀ ಚಮಚ ಲೆಕ್ಕದಲ್ಲಿ ನುಂಗುವವರಿದ್ದಾರೆ. ಇದು ನನಗೆ ಹಿಡಿಸುವುದಿಲ್ಲ. ಹಿರಿಯರು ತಿಂದದ್ದು ಮಳೆಗಾಲದಲ್ಲೊಮ್ಮೆ, ಗದ್ದೆ ನಾಟಿಯ ಕೆಸರಲ್ಲಿ ಮೈ ನೆನೆದ ದಿನಗಳಲ್ಲಿ, ಅಡುಗೆಯಾಗಿ. ಆ ಮಿತಿಯೂ ಪದ್ಧತಿಯ ಭಾಗ. ಗಿಡವೂ ಬೇಲಿಯಲ್ಲಿ ಉಳಿದದ್ದು ಬಹುಶಃ ಅದರಿಂದಲೇ. ಬಸುರಿಯರು, ದಿನಾ ಮಾತ್ರೆ ನುಂಗುವವರು ಪುಡಿಯ ತಂಟೆಗೇ ಹೋಗಬಾರದು.

ಇನ್ನೊಂದು ಮಾತು, ಗಿಡ ಗೊತ್ತಿಲ್ಲದವರು ಫೋಟೋ ನೋಡಿ ಕೀಳಬೇಡಿ. ಘಟ್ಟದ ಕೆಳಗೆ ಆಟಿ ಅಮಾವಾಸ್ಯೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ನಸುಕಿನ ಕತ್ತಲಲ್ಲಿ ಅದರ ಬದಲು ಕಾಸರಕನ ಮರದ ತೊಗಟೆ ಕೆತ್ತಿದರೆ ಪ್ರಾಣಕ್ಕೇ ಸಂಚಕಾರ, ಅದರಲ್ಲಿರುವುದು ಸ್ಟ್ರಿಕ್ನಿನ್ ಅನ್ನುವ ವಿಷ. ಮದ್ದುಸೊಪ್ಪನ್ನು ಗೊತ್ತಿರುವವರ ಕೈಯಲ್ಲೇ ಕೀಳಿಸಿ. ಇಲ್ಲವೇ ಹಬ್ಬಕ್ಕೆ ಮುಂಚೆ ಮಡಿಕೇರಿ, ವಿರಾಜಪೇಟೆ ಸಂತೆಗೆ ಬರುವ ಕಟ್ಟು ಕೊಳ್ಳಿ. ಸೊಪ್ಪು ಬಿಡಿಸಿದ ಮೇಲೆ ಬಲಿತ ಕಡ್ಡಿ ಬಿಸಾಡಬೇಡಿ. ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆರಳಲ್ಲಿ ಊರಿ, ಈ ಮಳೆಗೆ ಬೇರು ಬಿಡುತ್ತದೆ.