ಮನೆಯಲ್ಲಿ ಚುಚ್ಚಿದ ಸೂಜಿ ಎಲ್ಲಿಗೆ ಹೋಗಬೇಕು?

ಇನ್ಸುಲಿನ್ ಪೆನ್ನಿನ ಸೂಜಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಮೈಗೆ ಹೋಗುವ ಭಾಗ ಬರೀ 4 ಮಿಲಿಮೀಟರ್ ಉದ್ದ. ದಪ್ಪ ಕಾಲು ಮಿಲಿಮೀಟರಿಗಿಂತಲೂ ಕಡಿಮೆ. ಪೆನ್ನಿನ ಕಡೆ ಇರುವ ಇನ್ನೊಂದು ತುದಿಯೂ ಚೂಪೇ, ಔಷಧಿಯ ರಬ್ಬರನ್ನು ತೂರಬೇಕಲ್ಲ. ಮುಚ್ಚಳ ಎರಡು: ಹೊರಗೆ ದೊಡ್ಡದು, ಒಳಗೆ ಸಣ್ಣದು. ಚುಚ್ಚಿಕೊಂಡ ಮೇಲೆ ದೊಡ್ಡ ಮುಚ್ಚಳ ಹಾಕಿ ತಿರುಗಿಸಿದರೆ ಸೂಜಿ ಬಿಚ್ಚಿಕೊಳ್ಳುತ್ತದೆ. ಆದರೆ ಬಹಳ ಮಂದಿ ಆ ಸಣ್ಣ ಮುಚ್ಚಳವನ್ನೇ ಎರಡು ಬೆರಳಲ್ಲಿ ಹಿಡಿದು ಸೂಜಿಗೆ ಸಿಕ್ಕಿಸಲು ಹೋಗುತ್ತಾರೆ. ಗುರಿ ತಪ್ಪಿದರೆ ಬೆರಳಿಗೇ. ತಮ್ಮದೇ ರಕ್ತ, ಹೋಗಲಿ ಅನ್ನಬಹುದು. ಬಿಚ್ಚಿದ ಸೂಜಿಯ ಕಥೆ? ಅದು ಸೀದಾ ಕಸದ ಬುಟ್ಟಿಗೆ ಬೀಳುತ್ತದೆ, ಸೊಪ್ಪಿನ ದಂಟು, ಹಾಲಿನ ಕವರುಗಳ ಜೊತೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಎಲ್ಲರೂ ಇನ್ಸುಲಿನ್ ತೆಗೆದುಕೊಳ್ಳುವವರಲ್ಲ, ನಿಜ. ಆದರೆ ದಿನಕ್ಕೆರಡು ಸಲ ಚುಚ್ಚಿಕೊಳ್ಳುವ ಒಬ್ಬರ ಲೆಕ್ಕವೇ ವರ್ಷಕ್ಕೆ 730 ಚುಚ್ಚು. ಒಂದೇ ಸೂಜಿಯನ್ನು ನಾಲ್ಕೈದು ಸಲ ಬಳಸುವವರು ಇದ್ದಾರೆ (ಹಾಗೆ ಮಾಡಬಾರದು, ತುದಿ ಮೊಂಡಾಗುತ್ತದೆ). ಅದನ್ನು ಕಳೆದರೂ ರಾಶಿ ಚಿಕ್ಕದೇನಲ್ಲ. ಮನೆಯಲ್ಲೇ ಶುಗರ್ ನೋಡಿಕೊಳ್ಳುವವರು ಬೆರಳಿಗೆ ಚುಚ್ಚುವ ಲ್ಯಾನ್ಸೆಟ್ ಬೇರೆ.

ಇಷ್ಟು ಸಣ್ಣ ಸೂಜಿಗೆ ಯಾಕಿಷ್ಟು ಗಲಾಟೆ? ಇಂಜೆಕ್ಷನ್ ಸೂಜಿ ಟೊಳ್ಳು. ಬಟ್ಟೆ ಹೊಲಿಯುವ ಸೂಜಿಯ ಮೇಲೆ ರಕ್ತ ಅಂಟಿದರೆ ಒಣಗುತ್ತದೆ, ಉಜ್ಜಿದರೆ ಹೋಗುತ್ತದೆ. ಟೊಳ್ಳು ಸೂಜಿಯ ಒಳಗೆ ಸೇರಿದ ಚೂರು ರಕ್ತ ಅಲ್ಲೇ ಉಳಿಯುತ್ತದೆ. ಲಿವರಿಗೆ ಸೋಂಕು ತರುವ ಹೆಪಟೈಟಿಸ್ ಬಿ ವೈರಸ್ಸಿಗೆ ಅಷ್ಟು ಸಾಕು. ಅದು ಮೈಯಿಂದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿದಾಗ, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಅಂಟುವ ಸಾಧ್ಯತೆ ನೂರಕ್ಕೆ 6ರಿಂದ 30. ಹೆಪಟೈಟಿಸ್ ಸಿ ಆದರೆ ನೂರಕ್ಕೆ 2ಕ್ಕಿಂತ ಕಡಿಮೆ. ಎಲ್ಲರೂ ಹೆದರುವ ಎಚ್‌ಐವಿ ಸಾವಿರಕ್ಕೆ ಸುಮಾರು 3 ಮಾತ್ರ. ಈ ಅಂಕಿಗಳು ಆಸ್ಪತ್ರೆ ಸಿಬ್ಬಂದಿಗೆ ಆದ ಚುಚ್ಚುಗಾಯಗಳಿಂದ ಬಂದವು. ಚರ್ಮದ ಕೆಳಗಷ್ಟೇ ಹೋಗಿಬರುವ ಇನ್ಸುಲಿನ್ ಸೂಜಿಯಲ್ಲಿ ರಕ್ತ ಕಡಿಮೆ, ಅಪಾಯವೂ ಕಡಿಮೆ. ಆದರೆ ಕಸದಲ್ಲಿ ಕೈಗೆ ಚುಚ್ಚಿದ್ದು ಯಾರ ಸೂಜಿ, ಯಾವ ಸೂಜಿ ಅಂತ ಆ ಕೈಗೆ ಹೇಗೆ ಗೊತ್ತಾಗಬೇಕು?

ಈಗ ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಬನ್ನಿ. ಗರ್ಭಿಣಿಯರ ತಪಾಸಣೆ, ಕಫ ಪರೀಕ್ಷೆ, ಬಿಪಿ ಶುಗರ್ ಮಾತ್ರೆ, ಎಲ್ಲ ಅಲ್ಲೇ. ಮಕ್ಕಳಿಗೆ ಲಸಿಕೆ ಹಾಕುವ ದಿನ ಹೋಗಿ, ಸಿಸ್ಟರ್ ಕೈಯನ್ನೇ ಗಮನಿಸಿ. ಅವರು ಬಳಸುವುದು ಒಂದೇ ಸಲ ಕೆಲಸ ಮಾಡುವ ಸಿರಿಂಜು. ಒಳಗಿನ ಸಣ್ಣ ಕ್ಲಿಪ್ಪು ದಂಡವನ್ನು ಕೆಳಕ್ಕೆ ಬಿಡುತ್ತದೆ, ಮತ್ತೆ ಮೇಲಕ್ಕೆ ಬಿಡುವುದಿಲ್ಲ. ಜೋರಾಗಿ ಎಳೆದರೆ ದಂಡವೇ ಮುರಿಯುತ್ತದೆ. ಲಸಿಕೆ ಹಾಕಿದ ಕೂಡಲೇ ಸಿಸ್ಟರ್ ಮುಚ್ಚಳ ಹಾಕಲು ಹೋಗದೆ ಸಿರಿಂಜನ್ನು ಹಬ್ ಕಟ್ಟರಿಗೆ ತೂರಿಸಿ ಹಿಡಿ ಒತ್ತುತ್ತಾರೆ. ಟಕ್ ಅಂತ ಸೂಜಿ ಬುಡಸಮೇತ ಕತ್ತರಿಸಿ ಕೆಳಗಿನ ಡಬ್ಬಿಗೆ ಬೀಳುತ್ತದೆ. ಪ್ಲಾಸ್ಟಿಕ್ ಭಾಗ ಕೆಂಪು ಚೀಲಕ್ಕೆ. ಗಾಜಿನ ಸೀಸೆ ನೀಲಿ ಡಬ್ಬಕ್ಕೆ. ಸೂಜಿಗಳು ಚುಚ್ಚಿ ತೂತಾಗದ ಬಿಳಿ ಡಬ್ಬಿಗೆ, ಅದೂ ಮುಕ್ಕಾಲು ತುಂಬುವವರೆಗೆ ಮಾತ್ರ.

ಅಲ್ಲಿಂದ ಮುಂದೆ ಡಬ್ಬಿ ಬಾರ್ ಕೋಡ್ ಅಂಟಿಸಿಕೊಂಡು ವೈದ್ಯಕೀಯ ತ್ಯಾಜ್ಯ ಘಟಕಕ್ಕೆ ಹೋಗುತ್ತದೆ. ಅಲ್ಲಿ ಆಟೋಕ್ಲೇವಿನ ಹಬೆಯಲ್ಲಿ ಬೇಯುತ್ತದೆ. ಒಂದು ಬಗೆಯ ಆಟೋಕ್ಲೇವಿಗೆ ನಿಯಮ ಹೇಳುವ ಲೆಕ್ಕ 121 ಡಿಗ್ರಿ, ಕನಿಷ್ಠ 60 ನಿಮಿಷ. ಆಮೇಲೆ ಪುಡಿಯಾಗಿ ಕಬ್ಬಿಣ ಕರಗಿಸುವ ಫೌಂಡ್ರಿಗೋ, ಕಾಂಕ್ರೀಟ್ ಗುಂಡಿಗೋ ಸೇರುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಇದನ್ನೆಲ್ಲ ಬಿಡಿಸಿ ಬರೆದಿವೆ. ಸುಮ್ನೆ ಬರೆದದ್ದಲ್ಲ. 2009ರಲ್ಲಿ ಗುಜರಾತಿನ ಮೊಡಾಸಾ ಊರಿನಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ಒಬ್ಬರಿಗೆ ಬಳಸಿದ ಸಿರಿಂಜನ್ನೇ ಇನ್ನೊಬ್ಬರಿಗೂ ಬಳಸಿದ್ದು ತನಿಖೆಯಲ್ಲಿ ಹೊರಬಿತ್ತು.

ಅಂದರೆ ಆಸ್ಪತ್ರೆಯಲ್ಲಿ ಮಗುವಿಗೆ ಚುಚ್ಚಿದ ಸೂಜಿಯ ಹಿಂದೆ ಇಷ್ಟು ಕಾವಲು. ಅದೇ ಬೀದಿಯ ಮನೆಯಲ್ಲಿ ಅಜ್ಜಿಗೆ ಚುಚ್ಚಿದ ಸೂಜಿಗೆ ಯಾರೂ ಇಲ್ಲ. ತಮಾಷೆ ಏನೆಂದರೆ ಅದಕ್ಕೂ ನಿಯಮ ಇದೆ! ಮನೆಯಲ್ಲಿ ಉಂಟಾದ ವೈದ್ಯಕೀಯ ಕಸವನ್ನು ಬೇರೆ ಚೀಲದಲ್ಲೋ ಡಬ್ಬಿಯಲ್ಲೋ ಹಾಕಿ ಪುರಸಭೆ, ಪಾಲಿಕೆಯ ಕಸದವರಿಗೆ ಕೊಡಬೇಕು. ಸ್ಥಳೀಯ ಸಂಸ್ಥೆ ತ್ಯಾಜ್ಯ ಘಟಕದ ಜೊತೆ ಒಪ್ಪಂದ ಮಾಡಿಕೊಂಡು ಅದನ್ನು ಅಲ್ಲಿಗೆ ಮುಟ್ಟಿಸಬೇಕು. ಇದೂ 2016ರ ನಿಯಮಗಳಲ್ಲೇ ಇದೆ. ನಿಮ್ಮ ಬೀದಿಗೆ ಬರುವ ಕಸದ ಗಾಡಿಯಲ್ಲಿ ಸೂಜಿಗೆಂದು ಬೇರೆ ಡಬ್ಬಿ ನೋಡಿದ್ದೀರಾ? ನಾನಂತೂ ನೋಡಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದ್ದು ಇಷ್ಟು. ಬಟ್ಟೆ ಒಗೆಯುವ ಲಿಕ್ವಿಡ್ಡಿನ ಖಾಲಿ ಬಾಟಲಿ ಇದಕ್ಕೆ ಹೇಳಿ ಮಾಡಿಸಿದ್ದು. ಗೋಡೆ ದಪ್ಪ, ಮುಚ್ಚಳ ಗಟ್ಟಿ. ನೀರಿನ ತೆಳು ಬಾಟಲಿ ಬೇಡ, ಕೈಯಲ್ಲಿ ಅಮುಕಿದರೆ ಸೂಜಿ ಹೊರಗೆ ಬರುತ್ತದೆ. ಗಾಜು ಬೇಡ, ಒಡೆಯುತ್ತದೆ. ಬಾಟಲಿಯ ಮೇಲೆ ‘ಬಳಸಿದ ಸೂಜಿ’ ಎಂದು ಮಾರ್ಕರಿನಲ್ಲಿ ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಚುಚ್ಚಿದ ತಕ್ಷಣ ಅದರೊಳಗೆ ಹಾಕಿ. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು ಟೇಪ್ ಸುತ್ತಿ. ಒಣ ಕಸಕ್ಕೆ ಮಾತ್ರ ಹಾಕಬೇಡಿ. ಒಣ ಕಸವನ್ನು ಆಯುವವರು ಬರಿಗೈಯಲ್ಲೇ ಆಯುತ್ತಾರೆ, ಒಳ್ಳೆ ಬಾಟಲಿ ಕಂಡರೆ ಮುಚ್ಚಳ ತೆಗೆದೂ ನೋಡುತ್ತಾರೆ. ನೀವು ಇನ್ಸುಲಿನ್ ಬರೆಸಿಕೊಳ್ಳುವ ಆಸ್ಪತ್ರೆಯಲ್ಲೋ ಪಿಎಚ್‌ಸಿಯಲ್ಲೋ ತೆಗೆದುಕೊಳ್ಳುತ್ತಾರಾ ಕೇಳಿ. ಕೆಲವು ಕಡೆ ಆಯ್ತು ಕೊಡಿ ಅನ್ನುತ್ತಾರೆ. ಕೆಲವು ಕಡೆ “ನಿಮ್ಮನೇದೆಲ್ಲ ಇಲ್ಲಿಗ್ಯಾಕ್ರೀ ತರ್ತೀರಾ” ಅಂತ ವಾಪಸ್ ಕಳಿಸುತ್ತಾರೆ. ಆರೋಗ್ಯ ಇಲಾಖೆಯ ಸಿಬ್ಬಂದಿ ಈಗ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಬಂದವರು ಹೋಗುವಾಗ ಆ ಬಾಟಲಿಯನ್ನೂ ಒಯ್ಯುವಂತೆ ಮಾಡಿದರೆ ಇಲಾಖೆಗೆ ಭಾರಿ ಹೊರೆಯೇನೂ ಆಗಲಿಕ್ಕಿಲ್ಲ ಎಂಬುದು ನನ್ನ ಅನಿಸಿಕೆ. ಬಿಳಿ ಡಬ್ಬಿ, ಒಯ್ಯುವ ಗಾಡಿ ಎರಡೂ ಅವರ ಬಳಿ ಆಗಲೇ ಇವೆ.

ಯಾರದೋ ಸೂಜಿ ಚುಚ್ಚೇಬಿಟ್ಟರೆ ಗಾಯವನ್ನು ಹಿಂಡಬೇಡಿ, ಬಾಯಿಗಿಟ್ಟು ಚೀಪಬೇಡಿ. ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ ಬೇಕು ಎಂದು ವೈದ್ಯರು ಹೇಳಿದರೆ ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಮೊದಲ ಎರಡು ಗಂಟೆಯಲ್ಲೇ ಆದರೆ ಇನ್ನೂ ಒಳ್ಳೆಯದು. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ದೊಡ್ಡವರಿಗೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ಮೂರು ಡೋಸ್. ಆಸ್ಪತ್ರೆಯ ಕಸ ಮುಟ್ಟುವವರಿಗೆ ಅದನ್ನು ಹಾಕಿಸಲೇಬೇಕು ಎಂದು ನಿಯಮ ಹೇಳುತ್ತದೆ. ನಿಮ್ಮ ಮನೆಯ ಕಸ ಒಯ್ಯುವ ಪೌರಕಾರ್ಮಿಕರಿಗೆ ಆ ಮೂರು ಡೋಸ್ ಆಗಿದೆಯಾ ಎಂದು ವಾರ್ಡಿನ ಆರೋಗ್ಯ ನಿರೀಕ್ಷಕರನ್ನು ಒಮ್ಮೆ ಕೇಳಿ ನೋಡಿ.