ಅಕ್ಕನ ಮಗಳಿಗೆ ಚಿಕ್ಕಮ್ಮ ಹೇಗೆ ಆಸರೆಯಾಗಬಹುದು?

ಪ್ರಶ್ನೆ: ನಾನು ಮುಂಬಯಿ ಬಳಿಯ ಡೊಂಬಿವಲಿಯಲ್ಲಿದ್ದೇನೆ. ಮುಂಬಯಿಯ ಭಾಂಡುಪಿನಲ್ಲಿರುವ ಅಕ್ಕನ ಮಗಳು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಅಂಕ ಕಡಿಮೆಯಾದರೆ ಅಕ್ಕ–ಭಾವನಿಂದ ಬೈಗುಳ, ಕೆಲವೊಮ್ಮೆ ಹೊಡೆತ. ದಿನಗಟ್ಟಲೆ ಅವಳೊಡನೆ ಮಾತು ಬಿಡುವುದೂ ಉಂಟು. ನಾನೇನು ಮಾಡಲಿ?

ಉತ್ತರ: ಅವಳ ಎದುರಿನಲ್ಲೇ ಅಕ್ಕ–ಭಾವನೊಡನೆ ಜಗಳಕ್ಕೆ ನಿಲ್ಲಬೇಡಿ. ನೀವು ಲೋಕಲ್ ರೈಲು ಹತ್ತಿ ಹೊರಟ ಮೇಲೆ ಆ ಸಿಟ್ಟೆಲ್ಲ ಅವಳ ಮೇಲೆಯೇ ತಿರುಗುತ್ತದೆ. ನಿಮ್ಮ ಮನೆಗೆ ಬರುವುದಕ್ಕೂ ತಡೆ ಬೀಳಬಹುದು. ಈಗ ಅವಳಿಗೆ ಎಲ್ಲಕ್ಕಿಂತ ಬೇಕಾದದ್ದು ನಿಮ್ಮ ಮನೆಯ ಬಾಗಿಲು. ಪರೀಕ್ಷೆಯ ಓದಿನ ನೆಪದಲ್ಲಾದರೂ ಸರಿ, ಭಾನುವಾರಗಳಂದು ಅವಳು ನಿಮ್ಮಲ್ಲಿಗೆ ಬರುವ ರೂಢಿ ಮಾಡಿಸಿ. ನೆಂಟರ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಾಗ, ಫೋನು ಸದ್ದು ಮಾಡಿದ ಕೂಡಲೇ ಕೈಯಲ್ಲಿದ್ದ ನೀರುದೋಸೆಯ ತುಂಡನ್ನು ತಟ್ಟೆಗೆ ಹಾಕಿ ಎದ್ದು ನಿಲ್ಲುತ್ತಿದ್ದಳು. ಆ ಭಯ ಇಳಿದು ಅವಳು ಬಾಯಿಬಿಡಲು ತಿಂಗಳುಗಳೇ ಬೇಕಾದವು.

ಬಾಯಿಬಿಟ್ಟಾಗ "ಅಮ್ಮ ನಿನ್ನ ಒಳ್ಳೆಯದಕ್ಕೇ ಹೇಳುವುದು" ಎನ್ನಬೇಡಿ. ಮತ್ತೆ ಅವಳು ನಿಮಗೇನೂ ಹೇಳಲಾರಳು. "ನೀನು ಹೇಳಿದ್ದು ಒಳ್ಳೆಯದಾಯಿತು, ಹೊಡೆಯುವುದು ಸರಿಯಲ್ಲ" ಎನ್ನಿ. ಯಾರಿಗೂ ಹೇಳುವುದಿಲ್ಲವೆಂದು ಮಾತ್ರ ಮಾತು ಕೊಡಬೇಡಿ, ಏಕೆಂದರೆ ಆ ಮಾತನ್ನು ಮುರಿಯಲೇಬೇಕಾದ ದಿನ ಬರಬಹುದು. ಅಕ್ಕನೊಡನೆ ಬೇರೆಯಾಗಿ, ಅವರ ಆತಂಕವನ್ನೂ ಕೇಳಿಸಿಕೊಂಡು ಮಾತನಾಡಿ. ಆದರೆ ಮಗಳು ನಿಮಗೆ ಹೇಳಿದ ಮಾತುಗಳನ್ನು ಅಲ್ಲಿ ಎತ್ತಬೇಡಿ.

ಮೈಮೇಲೆ ಗಾಯ ಕಂಡರೆ, ಊಟ ಕೊಡದೆ ಕೂಡಿಹಾಕಿದರೆ, ಸಾಯುವ ಮಾತು ಬಂದರೆ ಮನೆಯ ಮರ್ಯಾದೆಯ ಯೋಚನೆಯನ್ನು ಬದಿಗಿಡಿ. 1996ರಲ್ಲಿ ಮುಂಬಯಿಯಲ್ಲೇ ಆರಂಭವಾದ ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾರು ಬೇಕಾದರೂ ಕರೆ ಮಾಡಬಹುದು. 18 ತುಂಬದ ಮಗುವನ್ನು ತಮ್ಮ ಸುಪರ್ದಿಯಲ್ಲಿಟ್ಟುಕೊಂಡವರು ಅದನ್ನು ಹಿಂಸಿಸುವುದು 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಂತೆ ಅಪರಾಧ. ದೂರು ಕೊಟ್ಟರೆ ಹುಡುಗಿಯನ್ನು ಆಶ್ರಮಕ್ಕೆ ಸೇರಿಸಿಬಿಡುತ್ತಾರೆಂಬ ಅಂಜಿಕೆ ನಮ್ಮವರಲ್ಲಿ ಬಹಳ. ಅದೇ ಕಾಯ್ದೆಯ ಪ್ರಕಾರ ಅದು ಕೊನೆಯ ದಾರಿ. ಮಕ್ಕಳ ಕಲ್ಯಾಣ ಸಮಿತಿಯು ವಿಚಾರಣೆಯ ನಂತರ, ಯೋಗ್ಯರೆಂದು ಕಂಡ ಬಂಧುಗಳ ವಶಕ್ಕೂ ಮಗುವನ್ನು ಒಪ್ಪಿಸಬಹುದು. ಆ ಬಂಧು ನೀವೇ ಆಗಬೇಕಾಗಬಹುದು. ಅದಕ್ಕೆ ಮನೆಯವರೊಡನೆ ಈಗಲೇ ಮಾತನಾಡಿಟ್ಟುಕೊಳ್ಳಿ.

ಮನಸ್ಸಿನ ಸಂಕಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಈ ಎರಡು ಸಂಖ್ಯೆಗಳನ್ನೂ ನಿಮ್ಮ ಮೊಬೈಲ್ ಸಂಖ್ಯೆಯನ್ನೂ ಅವಳಿಗೆ ಬಾಯಿಪಾಠ ಮಾಡಿಸಿ. ಫೋನು ಕಿತ್ತುಕೊಂಡ ದಿನ ಪಕ್ಕದ ಮನೆಯಿಂದಲಾದರೂ ಅವಳು ಕರೆ ಮಾಡುವಂತಿರಬೇಕು.